ಒಂದೇ ಹಸು, ಮೂರು ಪರೀಕ್ಷೆ, ಮೂರು ಉತ್ತರ: ಟಿಬಿ ಇದೆಯೋ ಇಲ್ಲವೋ?

ಹಾಲಿನ_ಕ್ಯಾನು (ಚಿಂತಾಮಣಿ)
ಉದ್ದ ಆಗುತ್ತೆ, ಸ್ವಲ್ಪ ಸಹಿಸ್ಕೊಳ್ಳಿ. ನಮ್ಮ ಕೊಟ್ಟಿಗೇಲಿ ಏಳು ಸೀಮೆಹಸು, ಎರಡು ಪಡ್ಡೆ. ಅದರಲ್ಲಿ ಒಂದು ಹಸು, ಮೂರನೇ ಸೂಲಿಂದು, ಹೋದ ವರ್ಷ ಸಂತೇಲಿ ತಂದಿದ್ದು. ದೀಪಾವಳಿಯಿಂದ ಈಚೆಗೆ ಸೊರಗ್ತಾ ಇದೆ. ಮೇವು ತಿನ್ನುತ್ತೆ, ಮೈಗೆ ಹತ್ತಲ್ಲ. ಬೆಳಗಿನ ಜಾವ ಎಬ್ಬಿಸಿದಾಗ ಒಣಕೆಮ್ಮು. ಹದಿನಾಲ್ಕು ಲೀಟರ್ ಕೊಡ್ತಿದ್ದದ್ದು ಆರಕ್ಕೆ ಇಳಿದಿದೆ.

ಮೊದಲನೇ ಡಾಕ್ಟ್ರು ಕುತ್ತಿಗೆ ಮೇಲೆ ಎರಡು ಕಡೆ ಕೂದಲು ಬೋಳಿಸಿ, ಚರ್ಮ ಅಳೆದು, ಎರಡು ಸಣ್ಣ ಸೂಜಿ ಹಾಕಿದ್ರು. ಮೂರನೇ ದಿನ ಬಂದು ಮತ್ತೆ ಅಳೆದ್ರು. ಚೀಟಿ ನನ್ನ ಹತ್ರ ಇದೆ: ಮೇಲಿಂದು 7 ಮಿ.ಮೀ. ಇದ್ದದ್ದು 9, ಕೆಳಗಿಂದು 7 ಇದ್ದದ್ದು 16. "ಟಿಬಿ ಇದೆ" ಅಂದ್ರು.

ನಂಬಿಕೆ ಬರಲಿಲ್ಲ. ಹತ್ತು ದಿನ ಬಿಟ್ಟು ಇನ್ನೊಬ್ಬರನ್ನ ಕರೆಸ್ದೆ. ಅವರು ಬಾಲದ ಬುಡದಲ್ಲಿ ಒಂದೇ ಸೂಜಿ ಹಾಕಿ, ಮೂರು ದಿನ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ "ಏನೂ ಇಲ್ಲ, ಜಂತು ಔಷಧಿ ಹಾಕಿ" ಅಂದ್ರು.

ಮೂರನೇದು ರಕ್ತ. ಹಸಿರು ಮುಚ್ಚಳದ ಟ್ಯೂಬಲ್ಲಿ ತೆಗೆಸಿ, ಥರ್ಮಾಸಿಗೆ ಐಸ್ ತುಂಬಿ, ನಾನೇ ಬಸ್ಸಲ್ಲಿ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಒಯ್ದು ಕೊಟ್ಟೆ. ಎರಡು ದಿನ ಆದ ಮೇಲೆ ಫೋನ್: "ಮಾದರಿ ಕೆಟ್ಟಿದೆ, ಫಲಿತಾಂಶ ಹೇಳಕ್ಕಾಗಲ್ಲ." ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಇದೆ, ಇಲ್ಲ, ಗೊತ್ತಿಲ್ಲ. ಯಾವುದನ್ನ ನಂಬಲಿ? ಮನೇಲಿ ಎರಡು ಚಿಕ್ಕ ಮಕ್ಕಳಿದಾವೆ.

ಮಾವಿನತೋಪು (ಶ್ರೀನಿವಾಸಪುರ)
ಮೂರು ಜನರನ್ನ ಕೇಳಿದ್ರೆ ನಾಲ್ಕು ಉತ್ತರ ಬರಬೇಕಿತ್ತು. ಒಂದು ಉಳೀತು ಅಂತ ಸಮಾಧಾನ ಮಾಡ್ಕೊಳ್ಳಿ.

ನಲವತ್ತು_ಎಚ್‌ಎಫ್ (ಮಾಲೂರು)
ಆ ಹಸುವಿನ ಹಾಲು ಡೈರಿಗೆ ಹಾಕ್ತಾ ಇದೀರಾ? ಮೊದಲು ಅದಕ್ಕೆ ಉತ್ತರ ಹೇಳಿ.

ಹಾಲಿನ_ಕ್ಯಾನು (ಚಿಂತಾಮಣಿ)
ಸೂಜಿ ಹಾಕಿದ ದಿನದಿಂದ ಇಲ್ಲ. ಆರು ಲೀಟರೂ ಚರಂಡಿಗೆ. ಹೆಂಡತಿ ದಿನಾ ಬೈತಾಳೆ.

ನಿವೃತ್ತ_ಪಶುವೈದ್ಯ
ಮೂವತ್ತು ವರ್ಷ ಈ ಭಾಗದ ಮೂರು ಜಿಲ್ಲೆಗಳಲ್ಲಿ ಕೆಲಸ ಮಾಡಿದವನು. ನಿಮ್ಮ ಮೂರು ಉತ್ತರಗಳಲ್ಲಿ ಮೊದಲನೆಯದೇ ಉತ್ತರ. ಉಳಿದೆರಡು ಉತ್ತರಗಳೇ ಅಲ್ಲ.

ಮೇಲೆ ಹಾಕಿದ್ದು ಪಕ್ಷಿ ಮೂಲದ ಟ್ಯೂಬರ್ಕ್ಯುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್), ಕೆಳಗೆ ಹಾಕಿದ್ದು ದನದ್ದು. ಒಂದೊಂದೂ 0.1 ಮಿ.ಲೀ., ಚರ್ಮದ ಒಳಪದರಕ್ಕೆ. 72 ಗಂಟೆ ಬಿಟ್ಟು ಅದೇ ಕೈ, ಅದೇ ಕ್ಯಾಲಿಪರ್‌ನಿಂದ ಅಳೆಯಬೇಕು. ಎರಡು ಯಾಕೆ ಅಂದರೆ ಮಣ್ಣು, ನೀರು, ಮೇವಿನಲ್ಲಿ ಟಿಬಿ ಜಾತಿಯದೇ ನಿರುಪದ್ರವಿ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ದನಗಳಿಗೆ ನಿಲ್ಲದ ಭೇದಿ ತರುವ ಜಾನ್ಸ್ ರೋಗದ ಬ್ಯಾಕ್ಟೀರಿಯಾವೂ ಅದೇ ಕುಲ. ಅವುಗಳ ಸಹವಾಸವಾದ ಹಸುವೂ ಸ್ವಲ್ಪ ಊದುತ್ತದೆ. ಆ ಊತ ಎಷ್ಟೆಂದು ಪಕ್ಷಿಯ ಸೂಜಿ ಹೇಳುತ್ತದೆ, ಅದನ್ನು ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮಲ್ಲಿ ದನದ್ದು 9 ಏರಿದೆ, ಪಕ್ಷಿಯದ್ದು 2. ವ್ಯತ್ಯಾಸ 7. ನಾಲ್ಕು ದಾಟಿದರೆ ಪಾಸಿಟಿವ್. ಒಂದರಿಂದ ನಾಲ್ಕರೊಳಗಿದ್ದರೆ ಅನುಮಾನ, ಮತ್ತೆ ನೋಡಬೇಕು.

ಎರಡನೆಯವರ ಸೂಜಿ ಊದದೇ ಇದ್ದದ್ದು ಆಶ್ಚರ್ಯವೇ ಅಲ್ಲ. ಒಂದು ಸಲ ಹಾಕಿದ ಮೇಲೆ ಕೆಲವು ವಾರ ಚರ್ಮ ಸುಮ್ಮನಿರುತ್ತದೆ. ಅದಕ್ಕೇ ಮರುಪರೀಕ್ಷೆಗೆ ಕಡಿಮೆ ಅಂದರೂ 42 ದಿನ ಬಿಡಬೇಕು. ಹತ್ತೇ ದಿನಕ್ಕೆ ಹಾಕಿದ್ದು ಮಲಗಿದ ನಾಯಿ ಬೊಗಳಲಿಲ್ಲ, ಕಳ್ಳ ಬಂದೇ ಇಲ್ಲ ಅಂದ ಹಾಗೆ. ಹಿಂದೆ ಸೂಜಿ ಹಾಕಿದ್ದರು ಅಂತ ಅವರಿಗೆ ಹೇಳಿದ್ದಿರಾ?

ಹಾಲಿನ_ಕ್ಯಾನು (ಚಿಂತಾಮಣಿ)
ಹೇಳಿರಲಿಲ್ಲ. ಹೇಳಿದ್ರೆ ಅವರೂ ಅದನ್ನೇ ಅಂತಾರೆ ಅಂತ ಮುಚ್ಚಿಟ್ಟೆ.

ಮಾವಿನತೋಪು (ಶ್ರೀನಿವಾಸಪುರ)
ಡಾಕ್ಟ್ರಿಗೇ ಪರೀಕ್ಷೆ ಇಟ್ಟಿದೀರಿ. ಹಸು ಪಾಪ ಮಧ್ಯದಲ್ಲಿ.

ಸ್ಲೈಡು_ಗ್ಲಾಸು
ಊರು ಬಂಗಾರಪೇಟೆ, ಕೆಲಸ ಬೆಂಗಳೂರಲ್ಲಿ, ಲ್ಯಾಬಲ್ಲಿ. ಮೂರನೇದರ ಕಥೆ ನಾನು ಹೇಳ್ತೀನಿ. ಓದುವಾಗಲೇ "ಅಯ್ಯೋ ಐಸ್!" ಅಂತ ಬಾಯಿಗೆ ಬಂತು.

ಅದು ಗಾಮಾ ಇಂಟರ್‌ಫೆರಾನ್ ಪರೀಕ್ಷೆ. ಇದರಲ್ಲಿ ಹುಡುಕೋದು ರೋಗಾಣುವನ್ನಲ್ಲ. ಹಸುವಿನ ಬಿಳಿ ರಕ್ತಕಣಗಳಿಗೆ ಟಿಬಿಯ ಪರಿಚಯ ಇದೆಯಾ ಅಂತ ಕೇಳೋದು. ರಕ್ತವನ್ನ ಲ್ಯಾಬ್ ತಟ್ಟೆಯ ಬೇರೆ ಬೇರೆ ಸಣ್ಣ ಗುಂಡಿಗೆ ಹಾಕಿ, ಒಂದಕ್ಕೆ ದನದ ಟ್ಯೂಬರ್ಕ್ಯುಲಿನ್, ಒಂದಕ್ಕೆ ಪಕ್ಷಿಯದು, ಒಂದು ಖಾಲಿ, 37 ಡಿಗ್ರೀಲಿ ಒಂದು ರಾತ್ರಿ ಇಡ್ತೀವಿ. ಪರಿಚಯ ಇರೋ ಕಣಗಳು ಗಾಮಾ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಸುರಿಸ್ತವೆ, ಮಾರನೇ ದಿನ ಎಲಿಸಾ ಅನ್ನೋ ಲ್ಯಾಬ್ ಪರೀಕ್ಷೇಲಿ ಅದನ್ನ ಅಳೀತೀವಿ. ಅಂದ್ರೆ ಕಣಗಳು ಜೀವಂತ ಇರಬೇಕು, ಚುರುಕಾಗಿರಬೇಕು. ನೀವು ಹಾಲಿನ ಸ್ಯಾಂಪಲ್ ಥರ ಐಸಲ್ಲಿ ಇಟ್ಟು ಮರಗಟ್ಟಿಸಿದ್ರಿ. ಈ ರಕ್ತ ನಮಗೆ ಹಿತವಾಗೋ ತಂಪಲ್ಲೇ, 22 ಡಿಗ್ರಿ ಸುತ್ತಮುತ್ತ, ಅದೇ ದಿನ ಬರಬೇಕು. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕೀಲಿಟ್ಟರೂ ಅಷ್ಟೇ, ಸತ್ತೋಗುತ್ತೆ.

ತಪ್ಪು ನಿಮ್ಮದು ಅಂತ ನಾನು ಅನ್ನಲ್ಲ. ಟ್ಯೂಬ್ ಕೊಟ್ಟವರು ಒಂದು ಮಾತು ಹೇಳಬೇಕಿತ್ತು.

ಹಾಲಿನ_ಕ್ಯಾನು (ಚಿಂತಾಮಣಿ)
ಐಸ್ ಹಾಕಿದ್ದು ನನ್ನದೇ ಬುದ್ಧಿವಂತಿಕೆ ಮೇಡಂ. ಹಾಲು ಕೆಡಲ್ಲ ಅಂದ್ರೆ ರಕ್ತಾನೂ ಕೆಡಲ್ಲ ಅಂದ್ಕೊಂಡೆ. ಇನ್ನೊಂದು: ಮೂಗಿನ ಸಿಂಬಳಾನೂ ಒಂದು ಗಾಜಿಗೆ ಸವರಿಸಿದ್ವಿ. ನೆಗೆಟಿವ್.

ಸ್ಲೈಡು_ಗ್ಲಾಸು
ಅದಕ್ಕೆ ಬೆಲೆನೇ ಇಲ್ಲ. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದ್ರೆ ಒಂದು ಮಿ.ಲೀ.ನಲ್ಲಿ ಹತ್ತು ಸಾವಿರದಷ್ಟಾದ್ರೂ ಬ್ಯಾಕ್ಟೀರಿಯಾ ಇರಬೇಕು. ಮನುಷ್ಯ ಕ್ಯಾಕರಿಸಿ ಕಫ ಉಗೀತಾನೆ, ಹಸು ನುಂಗುತ್ತೆ. ಕಂಡರೆ ಪಾಸಿಟಿವ್, ಕಾಣದಿದ್ರೆ ಏನೂ ಅರ್ಥ ಇಲ್ಲ.

ಹಳ್ಳಿಕಾರ್_ಜೋಡಿ (ಶಿರಾ)
ಇದಕ್ಕೆಲ್ಲ ಮೂಲ ಸೀಮೆಹಸು. ನಾಟಿ ಹಸೂಗೆ ಟಿಬಿ ಬಂದಿದ್ದು ಯಾರಾದ್ರೂ ಕಂಡಿದೀರಾ? ನಮ್ಮ ಹಳ್ಳಿಕಾರ್ ಎತ್ತು ಕೆಮ್ಮಿದ್ದನ್ನ ನಾನು ನೋಡಿಲ್ಲ.

ನಿವೃತ್ತ_ಪಶುವೈದ್ಯ
ನಾನು ಕಂಡಿದ್ದೇನೆ. ನಾಟಿ ತಳಿಗೆ ತಡೆಯುವ ಶಕ್ತಿ ಹೆಚ್ಚಿರಬಹುದು, ಆದರೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ನಿಮ್ಮ ಎತ್ತು ಬಯಲಲ್ಲಿ ಗಾಳಿ ಕುಡಿದುಕೊಂಡು ಇರುತ್ತದೆ. ಎಚ್‌ಎಫ್ ಸೀಮೆಹಸು ಇಪ್ಪತ್ತು ತಲೆ ಒಂದೇ ಶೀಟಿನ ಕೆಳಗೆ, ಮೂತಿಗೆ ಮೂತಿ ತಾಗಿಸಿಕೊಂಡು. ಈ ರೋಗ ಮುಖ್ಯವಾಗಿ ಉಸಿರಿನಿಂದ ಹರಡುವುದು.

ಹಳ್ಳಿಕಾರ್_ಜೋಡಿ (ಶಿರಾ)
ಗಾಳಿ ಕುಡಿದ್ರೆ ಒಳ್ಳೇದು ಅಂತ ನೀವೇ ಒಪ್ಕೊಂಡ್ರಿ. ಅಷ್ಟು ಸಾಕು.

ಗಣಿತ_ಮೇಷ್ಟ್ರು (ಗೌರಿಬಿದನೂರು)
ಪಶುವಿನ ವಿಷಯ ಗೊತ್ತಿಲ್ಲ, ಲೆಕ್ಕ ಗೊತ್ತು. ದೇಶದ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ 2018ರಲ್ಲಿ ಒಂದು ಅಂದಾಜು ಬಂತು: ನೂರರಲ್ಲಿ ಸುಮಾರು 7.3 ದನಕ್ಕೆ ಸೋಂಕು, ಒಟ್ಟು ಎರಡು ಕೋಟಿ ಮೇಲೆ. ಏಳು ಅಂತಲೇ ಇಟ್ಕೊಳ್ಳಿ. ಎರಡು ಸೂಜಿ ಪರೀಕ್ಷೆ ಸೋಂಕಿರೋ ಹಸುಗಳಲ್ಲಿ ನೂರಕ್ಕೆ 80ರ ಆಸುಪಾಸು ಹಿಡಿಯುತ್ತೆ, ಆರೋಗ್ಯವಾಗಿರೋದನ್ನ ಸುಮ್ಮನೆ ರೋಗಿ ಅನ್ನೋದು ಇನ್ನೂರಕ್ಕೆ ಒಂದು. ನೂರು ಹಸು ನೋಡಿದ್ರೆ ಐದಾರು ನಿಜವಾದ ಪಾಸಿಟಿವ್, ಸುಳ್ಳು ಅರ್ಧ. ಒಳ್ಳೇ ಪರೀಕ್ಷೆ.

ಆದ್ರೆ ಆ 80 ಮತ್ತು ಇನ್ನೂರಕ್ಕೆ ಒಂದು ವಿದೇಶದ ಲೆಕ್ಕ. ನಮ್ಮಲ್ಲಿ ಬೆರಳಲ್ಲಿ ಒತ್ತಿ ನೋಡೋದು, ಒಂದೇ ಸೂಜಿ ಹಾಕೋದು ಮಾಡಿದ್ರೆ ಸುಳ್ಳು ಹತ್ತಕ್ಕೆ ಒಂದು ಆಯ್ತು ಅಂತ ಇಟ್ಕೊಳ್ಳಿ. ಆಗ ನೂರರಲ್ಲಿ ನಿಜ ಐದಾರು, ಸುಳ್ಳು ಒಂಬತ್ತು. ಪಾಸಿಟಿವ್ ಅಂದ ಹಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿರಪರಾಧಿಗಳು. ಔಷಧಿ ಅದೇ, ಸೂಜಿ ಅದೇ. ಕೆಟ್ಟಿದ್ದು ಅಳತೆ.

ನಲವತ್ತು_ಎಚ್‌ಎಫ್ (ಮಾಲೂರು)
ಮೇಷ್ಟ್ರೇ, ಮೊದಲನೇ ಸಲ ಸಂಖ್ಯಾಶಾಸ್ತ್ರ ಅರ್ಥ ಆಯ್ತು. ಕಾಲೇಜಲ್ಲಿ ನೀವು ಸಿಗಲಿಲ್ಲ ನೋಡಿ.

ಅಜ್ಜಿ_ಮೊಮ್ಮಗ (ಮುಳಬಾಗಿಲು)
ನಮ್ಮಜ್ಜೀಗೆ ಕ್ಷಯ ಆಗಿತ್ತು. ಗಾಡೀಲಿ ಮದನಪಲ್ಲಿ ಹತ್ರ ಆರೋಗ್ಯವರಂಗೆ ಕರ್ಕೊಂಡು ಹೋಗಿದ್ರಂತೆ. ತಿಂಗಳುಗಟ್ಟಲೆ ವರಾಂಡದಲ್ಲಿ ಮಲಗಿಸಿ ಗಾಳಿ, ಮೊಟ್ಟೆ, ಹಾಲು. ಅಲ್ಲಿಂದ ಬಂದ ಮೇಲೆ ಸಾಯೋವರೆಗೂ ಅಜ್ಜಿ ಹಸಿ ಹಾಲು ಮುಟ್ಟಲಿಲ್ಲ, ಗಿಣ್ಣಾದ್ರೂ ಎರಡು ಸಲ ಬೇಯಿಸ್ತಿದ್ರು. ಆದ್ರೆ ಹಸುವಿನ ಟಿಬಿ ಮನುಷ್ಯಂಗೆ ಬರಲ್ಲ ಅಂತಾರಲ್ಲ?

ನಿವೃತ್ತ_ಪಶುವೈದ್ಯ
ನಿಮ್ಮ ಹಾಗೇ ಅಂದವರು ಸಾಮಾನ್ಯರಲ್ಲ. ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಅವರೇ 1901ರಲ್ಲಿ ಲಂಡನ್‌ನಲ್ಲಿ ಅದರಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಅಂದಿದ್ದರು. ಬ್ರಿಟನ್ ಆಯೋಗ ಕೂರಿಸಿ ಹತ್ತು ವರ್ಷ ಪರೀಕ್ಷಿಸಿ ಅದು ತಪ್ಪು ಅಂದಿತು. ಹಾಲಿನಿಂದ ಬಂದದ್ದು ಮಕ್ಕಳಲ್ಲಿ ಕತ್ತಿನ ಗಂಡಮಾಲೆ, ಹೊಟ್ಟೆಯ ಕ್ಷಯವಾಗಿ ಕಾಣುತ್ತಿತ್ತು. ಇನ್ನೊಂದು ವಿಚಿತ್ರ: ನಮ್ಮ ಮಕ್ಕಳಿಗೆಲ್ಲ ಹಾಕುವ ಬಿಸಿಜಿ ಲಸಿಕೆ ಹುಟ್ಟಿದ್ದೇ ಕೆಚ್ಚಲಿಗೆ ಕ್ಷಯ ತಗುಲಿದ ಒಂದು ಹಸುವಿನ ರೋಗಾಣುವಿನಿಂದ. ಫ್ರಾನ್ಸಿನಲ್ಲಿ ಕಾಲ್ಮೆಟ್ ಮತ್ತು ಗೇರಾ ಅದನ್ನು 13 ವರ್ಷ, 230 ಸಲ ಮರುಬೆಳೆಸಿ ಸೌಮ್ಯ ಮಾಡಿದರು.

ಕುದಿಸಿದ ಹಾಲಿಗೆ ಹೆದರಬೇಡಿ. ಡೈರಿಯಲ್ಲಿ 72 ಡಿಗ್ರಿ, 15 ಸೆಕೆಂಡು ಕಾಯಿಸಿದರೆ ಸಾಯುತ್ತದೆ. ಹೆದರಬೇಕಾದದ್ದು ಕೆಚ್ಚಲಿಂದ ನೇರ ಲೋಟಕ್ಕೆ ಹೋಗುವುದಕ್ಕೆ, ಮತ್ತು ಮುಚ್ಚಿದ ಕೊಟ್ಟಿಗೆಯಲ್ಲಿ ಕೆಮ್ಮುವ ಹಸುವಿನ ಪಕ್ಕ ಕೂತು ಹಿಂಡುವುದಕ್ಕೆ.

ಸ್ಲೈಡು_ಗ್ಲಾಸು
ಇಲ್ಲೊಂದು ತಿರುವಿದೆ. ವೆಲ್ಲೂರು ಸಿಎಂಸಿ ಆಸ್ಪತ್ರೆಯಲ್ಲಿ ಮನುಷ್ಯರ 940 ಮಾದರಿಗಳನ್ನ ಜಾಲಾಡಿದಾಗ, ಲಸಿಕೆಯ ಬಿಸಿಜಿ ತಳಿ ಬಿಟ್ಟರೆ ದನದ ಟಿಬಿಗೆ ಕಾರಣ ಅಂತ ಎಲ್ಲರೂ ಬೈಯೋ ಮೈಕೋಬ್ಯಾಕ್ಟೀರಿಯಂ ಬೋವಿಸ್ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಅದರ ದಾಯಾದಿ ಒರಿಗಿಸ್, ಏಳು ಜನರಲ್ಲಿ. 2020ರಲ್ಲಿ ಪ್ರಕಟ ಆಯ್ತು. ಚೆನ್ನೈ ಕಡೆಯ ದನಗಳಲ್ಲೂ ಒರಿಗಿಸ್ ಸಿಕ್ಕಿದೆ. ಲ್ಯಾಬಿನವರಿಗೆ ಇದು ತಲೆನೋವು. ಬೋವಿಸ್‌ನಲ್ಲಿ ಕಳೆದುಹೋಗಿರೋ ಒಂದು ಜೀನ್ ತುಂಡನ್ನ ಗುರುತು ಮಾಡ್ಕೊಂಡು ಪಿಸಿಆರ್ ಮಾಡ್ತೀವಿ. ಒರಿಗಿಸ್‌ನಲ್ಲಿ ಆ ತುಂಡು ಹಂಗೇ ಇದೆ. ಪೊಲೀಸರು ಕುಂಟನನ್ನ ಹುಡುಕ್ತಾ ಇದ್ರೆ ಕಳ್ಳ ನೆಟ್ಟಗೆ ನಡ್ಕೊಂಡು ಹೋದ ಹಾಗೆ.

ನಲವತ್ತು_ಎಚ್‌ಎಫ್ (ಮಾಲೂರು)
ಜಿಲ್ಲಾಸ್ಪತ್ರೇಲಿ ಮನುಷ್ಯರ ಟಿಬಿಗೆ ಎರಡು ಗಂಟೇಲಿ ಹೇಳೋ ಸಿಬಿನ್ಯಾಟ್ ಮೆಷಿನ್ ಇದೆಯಲ್ಲ, ಹಸುವಿಂದು ಅದರಲ್ಲೇ ಹಾಕಿ ಅಂದ್ರೆ ಆಯ್ತಲ್ವಾ?

ಸ್ಲೈಡು_ಗ್ಲಾಸು
ಟಿಬಿ ಗುಂಪಿಂದು ಅಂತ ಹೇಳುತ್ತೆ, ಗುಂಪಲ್ಲಿ ಯಾರು ಅಂತ ಹೇಳಲ್ಲ. ಅದಿರಲಿ, ಹಸುವಿನ ಯಾವ ಮಾದರಿ ಹಾಕ್ತೀರಿ? ಅಸಲಿ ಮಾಲು ಇರೋದು ಗಂಟಲ ಹಿಂದಿನ, ಎದೆಗೂಡಿನ ದುಗ್ಧಗ್ರಂಥಿಗಳಲ್ಲಿ. ಕುಯ್ದರೆ ಗಿಣ್ಣಿನಂಥ ಹಳದಿ ಕೀವು, ಚಾಕುವಿಗೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತೆ. ಅದು ಬದುಕಿರೋ ಹಸುವಿಂದ ಬರಲ್ಲ. ಸತ್ತ ಹಸುವಿಂದು ಯಾರೂ ತೆಗೆಸಲ್ಲ, ಜೆಸಿಬಿ ಕರೆದು ಗುಂಡಿಗೆ ಹಾಕಿಬಿಡ್ತಾರೆ. ತಂದರೂ ಕೆಲವರು ಫಾರ್ಮಲಿನ್‌ನಲ್ಲಿ ಮುಳುಗಿಸಿ ತರ್ತಾರೆ. ಫಾರ್ಮಲಿನ್‌ಗೆ ಬಿದ್ದಿದ್ದು ಬೆಳೆಯಲ್ಲ.

ಬೆಳೆಸೋದೂ ಸುಲಭ ಅಲ್ಲ. ಮನುಷ್ಯರ ಲ್ಯಾಬಿನ ಮೊಟ್ಟೆ ಮಾಧ್ಯಮದಲ್ಲಿ ಗ್ಲಿಸರಾಲ್ ಇರುತ್ತೆ, ಬೋವಿಸ್‌ಗೆ ಅದು ಒಗ್ಗಲ್ಲ, ಪೈರುವೇಟ್ ಹಾಕಬೇಕು. ಹಾಕದೆ ಎಂಟು ವಾರ ಕಾದು "ಬೆಳೆದಿಲ್ಲ, ನೆಗೆಟಿವ್" ಅಂತ ಬರೆದ ಎಷ್ಟೋ ವರದಿಗಳಿಗೆ ಅರ್ಥ ಇಲ್ಲ.

ಸಂತೆ_ದಾರಿ (ಕೋಲಾರ)
ಇಷ್ಟೆಲ್ಲಾ ಓದಿದ ಮೇಲೆ ನನ್ನ ಸಲಹೆ: ಬಾಯಿ ಮುಚ್ಕೊಂಡು ಮುಂದಿನ ಸಂತೇಲಿ ಹೊಡೆದುಬಿಡಿ. ಎಲ್ಲರೂ ಮಾಡೋದು ಅದೇ.

ಹಾಲಿನ_ಕ್ಯಾನು (ಚಿಂತಾಮಣಿ)
ಆ ಯೋಚನೆ ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ದಲ್ಲಾಳಿ ಒಬ್ಬ ಬಂದು ಬೆಲೆನೂ ಕಟ್ಟಿದ್ದ. ಆಮೇಲೆ ಹೊಳೀತು, ನನಗೂ ಯಾರೋ ಹಿಂಗೇ ಹೊಡೆದಿರೋದು.

ನಲವತ್ತು_ಎಚ್‌ಎಫ್ (ಮಾಲೂರು)
@ಸಂತೆ_ದಾರಿ ಹೋದ ತಿಂಗಳು ನಾನು ಕೋಲಾರದ ಕಡೆಯಿಂದ ಮೂರು ಹಸು ತಂದಿದೀನಿ. ನಿಮ್ಮದಲ್ಲ ತಾನೇ?

ಸಂತೆ_ದಾರಿ (ಕೋಲಾರ)
ಕಾನೂನು ಹೇಳಿ ನೋಡೋಣ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ರೈತ ತಾನಾಗಿ ಹಸುವನ್ನ ಕಸಾಯಿಗೆ ಕೊಡೋ ಹಾಗಿಲ್ಲ. ಗೋಶಾಲೆಗೆ ಬಿಟ್ಟರೆ ಅಲ್ಲಿರೋ ನೂರಕ್ಕೆ ಹರಡುತ್ತೆ. ಪರಿಹಾರ ಯಾರೂ ಕೊಡಲ್ಲ. ಲ್ಯಾಬ್ ಸುಧಾರಿಸಿ ಸುಧಾರಿಸಿ ಅಂತೀರ, ಪಾಸಿಟಿವ್ ಅಂತ ಖಾತ್ರಿ ಆದ ಮೇಲೆ ರೈತ ಏನು ಮಾಡಬೇಕು? ಆಸ್ಟ್ರೇಲಿಯಾದವರು 1970ರಲ್ಲಿ ಶುರು ಮಾಡಿ 1997ಕ್ಕೆ ಮುಕ್ತ ಆದ್ವಿ ಅಂದ್ರು. ಅವರು ಸಿಕ್ಕಿದ್ದನ್ನ ಕಡಿದ್ರು, ದುಡ್ಡು ಕೊಟ್ರು. ಇಲ್ಲಿ ರೈತ ಪರೀಕ್ಷೆನೇ ಬೇಡ ಅಂತಾನೆ. ಗೊತ್ತಾಗದಿದ್ರೆ ಹಾಲಾದ್ರೂ ಡೈರಿಗೆ ಹೋಗುತ್ತೆ.

ನಿವೃತ್ತ_ಪಶುವೈದ್ಯ
ನಿಮ್ಮ ಮೊದಲ ಸಲಹೆ ಪಾಪದ್ದು, ಎರಡನೇ ಮಾತು ಸತ್ಯ. 2009ರ ಕೇಂದ್ರ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ದನದ ಟಿಬಿ ಇದೆ. ಕಾಲುಬಾಯಿ ಜ್ವರಕ್ಕೂ ಕಂದು ರೋಗಕ್ಕೂ (ಬ್ರುಸೆಲ್ಲೋಸಿಸ್) 2019ರಿಂದ ರಾಷ್ಟ್ರೀಯ ಕಾರ್ಯಕ್ರಮ ನಡೆದಿದೆ. ಟಿಬಿಗೆ ಅಂಥದ್ದಿಲ್ಲ. ಆದರೂ ಮಾರಬೇಡಿ.

ಕೆರೆ_ಏರಿ (ನರಸಾಪುರ)
ಬೆಂಗಳೂರಿನ ಕೊಳಚೆ ಸಂಸ್ಕರಿಸಿ ನಮ್ಮ ಕೆರೆಗೆ ಬಿಡೋ ಕೆ.ಸಿ. ವ್ಯಾಲಿ ನೀರು ಬಂದ ಮೇಲೇ ಇದೆಲ್ಲ ಜಾಸ್ತಿ ಆಗಿದ್ದು. ಆ ನೀರಲ್ಲಿ ಬೆಳೆದ ನೇಪಿಯರ್ ಹುಲ್ಲು ತಿಂದು…

ಮಾವಿನತೋಪು (ಶ್ರೀನಿವಾಸಪುರ)
ಬಂತು ನೋಡಿ. ಟೊಮ್ಯಾಟೊ ಬೆಲೆ ಬಿದ್ದರೂ ಕೆ.ಸಿ. ವ್ಯಾಲಿ, ಅಳಿಯ ಓಡಿಹೋದರೂ ಕೆ.ಸಿ. ವ್ಯಾಲಿ.

ನಿರ್ವಾಹಕ
ನೀರಿನ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಹೊಡೆದಾಡಿ. ಇಲ್ಲಿ ಹಸು.

ಸ್ಲೈಡು_ಗ್ಲಾಸು
ಲ್ಯಾಬ್ ಸುಧಾರಣೆ ಅಂದ್ರೆ ಎಲ್ಲರೂ ಬೆಂಗಳೂರಿಗೆ ಇನ್ನೊಂದು ದೊಡ್ಡ ಮೆಷಿನ್ ಅಂತಾರೆ. ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆ ಇದೆ, ಯಲಹಂಕದಲ್ಲಿ ಪಶುರೋಗಗಳ ಅಧ್ಯಯನ ಮಾಡೋ ಕೇಂದ್ರ ಸಂಸ್ಥೆ ನಿವೇದಿ ಇದೆ, ಓದಿದವರು ಇದ್ದಾರೆ. ನನ್ನ ಪ್ರಕಾರ ಸೋರ್ತಾ ಇರೋದು ಚಿಂತಾಮಣಿಯಿಂದ ಬೆಂಗಳೂರಿನ ರಸ್ತೆಯಲ್ಲಿ.

ಆ ರಕ್ತವನ್ನ ಬಸ್ ಹತ್ತಿಸೋದೇ ಬೇಡ. ಟ್ಯೂಬರ್ಕ್ಯುಲಿನ್ ಬೆರೆಸಿ 37 ಡಿಗ್ರೀಲಿ ಒಂದು ರಾತ್ರಿ ಇಡೋ ಕೆಲಸ ತಾಲ್ಲೂಕು ಪಶು ಆಸ್ಪತ್ರೇಲೇ ಆಗಲಿ. ಅದಕ್ಕೆ ಬೇಕಿರೋದು ಸಣ್ಣ ಇನ್‌ಕ್ಯುಬೇಟರ್, ಕೈ ಪಳಗಿದ ಒಬ್ಬರು. ಬೆಳಗ್ಗೆ ಮೇಲಿನ ಪ್ಲಾಸ್ಮಾ ತೆಗೆದು ಫ್ರೀಜ್ ಮಾಡಿದ್ರೆ ಮುಗೀತು. ಆಮೇಲೆ ಕಣ ಜೀವಂತ ಇರಬೇಕಿಲ್ಲ, ಇಂಟರ್‌ಫೆರಾನ್ ಆಗಲೇ ಸುರಿದಾಗಿದೆ. ಆಗ ಹಾಕಿ ನೀವು ಐಸು, ಎಷ್ಟು ಬೇಕಾದ್ರೂ. ಟ್ಯೂಬರ್ಕ್ಯುಲಿನ್ ಬದಲು ಬಿಸಿಜಿಯಲ್ಲಿ ಇಲ್ಲದ ಇಸ್ಯಾಟ್-6, ಸಿಎಫ್‌ಪಿ-10 ಅನ್ನೋ ಪ್ರೋಟೀನ್ ಬಳಸಿದ್ರೆ ಜಾನ್ಸ್ ರೋಗದ ಗೊಂದಲವೂ ಕಡಿಮೆ. ಮುಂದೆ ದನಗಳಿಗೆ ಬಿಸಿಜಿ ಹಾಕೋ ಕಾಲ ಬಂದ್ರೂ ಲಸಿಕೆ ಯಾವುದು ರೋಗ ಯಾವುದು ಅಂತ ಗೊತ್ತಾಗುತ್ತೆ.

ಗಣಿತ_ಮೇಷ್ಟ್ರು (ಗೌರಿಬಿದನೂರು)
ಮೇಡಂ, ಒಂದು ರಾತ್ರಿ 37 ಡಿಗ್ರಿ ಅಂದ್ರಿ. ನಮ್ಮ ಕಡೆ ರಾತ್ರಿ ಕರೆಂಟು?

ಹಾಲಿನ_ಕ್ಯಾನು (ಚಿಂತಾಮಣಿ)
ನಮ್ಮ ಪಕ್ಕದೂರಿನ ಹಾಲಿನ ಸಂಘದಲ್ಲಿ ಹಾಲು ತಂಪಾಗಿಡೋ ಬಿಎಂಸಿ ಟ್ಯಾಂಕಿದೆ, ಜನರೇಟರ್ ಇದೆ. ಕರೆಂಟು ಹೋದ ಎರಡು ನಿಮಿಷಕ್ಕೆ ಡುಗುಡುಗು ಅನ್ನುತ್ತೆ. ಹಾಲು ತಣ್ಣಗಿಡೋ ಜನರೇಟರು ರಕ್ತ ಬೆಚ್ಚಗಿಡಲ್ವಾ?

ಸ್ಲೈಡು_ಗ್ಲಾಸು
ಇದನ್ನ ನಾನು ಬರೆದಿಟ್ಕೊಂಡೆ. ಹಾಲಿರೋ ಕೋಣೇಲಿ ಮಾತ್ರ ಬೇಡ.

ನಿವೃತ್ತ_ಪಶುವೈದ್ಯ
ಒಂದು ಸೇರಿಸುತ್ತೇನೆ. ರೋಗ ಬಲಿತ ಹಸು ಕೆಲವೊಮ್ಮೆ ಯಾವ ಸೂಜಿಗೂ ಊದುವುದಿಲ್ಲ, ಈದ ಹೊಸತರಲ್ಲೂ ಹಾಗೇ. ಮೂಳೆ ಚಕ್ಕಳವಾಗಿ ಅತಿ ಹೆಚ್ಚು ರೋಗಾಣು ಉಗುಳುವ ಹಸುವೇ ನೆಗೆಟಿವ್ ಅನ್ನಿಸಿಕೊಂಡು ಕೊಟ್ಟಿಗೆಯಲ್ಲಿ ಉಳಿಯುತ್ತದೆ. ಅಂಥದ್ದು ಸೀರಂನ (ರಕ್ತದ ತಿಳಿಯ) ಪ್ರತಿಕಾಯ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಸೂಜಿ ಹಾಕಿದ ಎರಡರಿಂದ ನಾಲ್ಕು ವಾರದೊಳಗೆ ತೆಗೆದರೆ ಪ್ರತಿಕಾಯ ಕೆರಳಿ ಇನ್ನೂ ಚೆನ್ನಾಗಿ ಕಾಣುತ್ತದೆ. ಸೀರಂಗೆ ಐಸ್ ಹಾಕಬಹುದು, ಕೇಳಿಸಿತೇ?

ಈಗ ನೀವು ಮಾಡಬೇಕಾದದ್ದು. ಆ ಹಸುವನ್ನು ಗಾಳಿ ಬರುವ ಬೇರೆ ಚಪ್ಪರಕ್ಕೆ ಕಟ್ಟಿ, ತೊಟ್ಟಿ ಬೇರೆ ಮಾಡಿ, ಕರುವಿಗೆ ಅದರ ಹಸಿ ಹಾಲು ಬಿಡಬೇಡಿ. ಉಳಿದೆಲ್ಲಕ್ಕೂ ಎರಡು ಸೂಜಿಯ ಪರೀಕ್ಷೆ ಮಾಡಿಸಿ, ಪ್ರತಿ ಅಳತೆಯನ್ನೂ ಕಿವಿಯೋಲೆಯ 12 ಅಂಕಿಯ ಎದುರು ಬರೆಸಿ. ಮನುಷ್ಯರ ಟಿಬಿ ಮಾತ್ರೆ ತಂದು ಹಸುವಿಗೆ ಕೊಡಲೇಬೇಡಿ. ವಾಸಿಯಾಗುವುದಿಲ್ಲ, ಔಷಧಿಗೆ ಬಗ್ಗದ ರೋಗಾಣು ತಯಾರಾಗುತ್ತದೆ. ಮನೆಯವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ, ಅದು ಉಚಿತ, ಹಸುವಿನ ವಿಷಯ ಬಾಯಿಬಿಟ್ಟು ಹೇಳಿ. ಕೆಮ್ಮುವ ಆಳಿದ್ದರೆ ಅವನನ್ನೂ ಕರೆದೊಯ್ಯಿರಿ, ಮನುಷ್ಯನಿಂದ ಹಸುವಿಗೂ ಬರುತ್ತದೆ.

ಹಾಲಿನ_ಕ್ಯಾನು (ಚಿಂತಾಮಣಿ)
ಯುಗಾದಿ ಮುಗೀತು, ಮತ್ತೆ ಬಂದಿದೀನಿ. ಐವತ್ತು ದಿನ ಬಿಟ್ಟು ಮೊದಲನೇ ಡಾಕ್ಟ್ರೇ ಎಲ್ಲಕ್ಕೂ ಎರಡೆರಡು ಸೂಜಿ ಹಾಕಿದ್ರು. ಆ ಹಸು: ಪಕ್ಷಿ 7ರಿಂದ 8, ದನದ್ದು 7ರಿಂದ 15. ಇನ್ನು ಅನುಮಾನ ಇಲ್ಲ. ಮಾವಿನ ಮರದ ಕೆಳಗೆ ಒಂಟಿಯಾಗಿ ಕಟ್ಟಿದೀನಿ, ಇಡೀ ದಿನ ಕೊಟ್ಟಿಗೆ ಕಡೆ ನೋಡ್ಕೊಂಡು ಅರಚುತ್ತೆ. ಉಳಿದ ಆರು ಹಸು, ಒಂದು ಪಡ್ಡೆ ಚೊಕ್ಕ. ಅದರ ಪಕ್ಕ ಕಟ್ತಿದ್ದ ಪಡ್ಡೇದು ವ್ಯತ್ಯಾಸ 3. ಮತ್ತೆ ನೋಡಬೇಕಂತೆ. ಕ್ಯಾಲೆಂಡರಲ್ಲಿ ಗುಂಡು ಸುತ್ತಿದೀನಿ. ಮಕ್ಕಳಿಗೆ ಏನೂ ಇಲ್ಲ ಅಂದ್ರು. ನನ್ನ ಎಕ್ಸ್‌ರೇನೂ ಸರಿ ಇದೆ.

ಈ ಸಲ ಪ್ರತಿ ಸೂಜಿಗೂ ನಾನೂ ಪಕ್ಕದಲ್ಲಿ ನಿಂತು ಅಳೆದೆ. ನಂದೂ ಅವರದ್ದೂ ಒಂದು ಮಿ.ಮೀ. ಒಳಗೇ ಬಂತು.

ಮಾವಿನತೋಪು (ಶ್ರೀನಿವಾಸಪುರ)
ಈ ಸಲ ತಮಾಷೆ ಮಾಡಲ್ಲ. ಮಕ್ಕಳು ಚೆನ್ನಾಗಿದಾವಲ್ಲ, ಸಾಕು.

ನಲವತ್ತು_ಎಚ್‌ಎಫ್ (ಮಾಲೂರು)
ನನ್ನ ನಲವತ್ತಕ್ಕೂ ಮಾಡಿಸ್ತಿದೀನಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿದೀನಿ. ಆ ಕ್ಯಾಲಿಪರ್ ಎಲ್ಲಿ ತಗೊಂಡ್ರಿ?

ಹಾಲಿನ_ಕ್ಯಾನು (ಚಿಂತಾಮಣಿ)
ಲೇತ್ ಅಂಗಡಿ ಇಟ್ಟಿರೋ ಭಾವಮೈದನ ಹತ್ರ ಇಸ್ಕೊಂಡೆ. ಚೂಪು ತುದಿಗೆ ಟೇಪ್ ಸುತ್ತಿದೀನಿ. ವಾಪಸ್ ಕೊಡು ಅಂತ ಕೇಳ್ತಿದಾನೆ, ಪಡ್ಡೇದು ಮುಗೀಲಿ ಅಂದಿದೀನಿ.